ದೆವ್ವ ಬರಲಿಲ್ಲ, ನಿದ್ದೆಯೂ ಬರಲಿಲ್ಲ

‘ಇಷ್ಟ ಏನು? ಈ ಮುದುಕಗ ಹೆದರಬೇಕಿತ್ತೇನ್ ನಾವು?’

‘ಡ್ರಾಕುಲಾ’ದ ಕೊನೆಯ ಪುಟ ಮುಗಿಸಿದ ಧಾರವಾಡದ ಗೆಳತಿ ಮೊಬೈಲನ್ನು ಮಂಚದ ಮೇಲೆ ಎಸೆದು ಹೀಗೆಂದಳು. ಅದೇ ಪುಸ್ತಕವನ್ನು ಎರಡು ದಿನ ಮೊದಲೇ ಮುಗಿಸಿದ್ದ ಸಾಗರದವಳಿಗೆ ಸಿಟ್ಟು ಬಂತು. ‘ನಿಂಗೆ ಓದೋಕೆ ಬರಲ್ಲ ಮಾರಾಯ್ತಿ. ನಾನು ಮೂರು ರಾತ್ರಿ ಕಿಟಕಿಯ ಚಿಲಕ ಎರಡೆರಡು ಸಲ ನೋಡಿ ಮಲಗಿದೀನಿ’ ಎಂದಳು. ಒಂದೇ ಪುಸ್ತಕ, ಒಂದೇ ಹಾಸ್ಟೆಲ್ಲು, ಪಕ್ಕಪಕ್ಕದ ಮಂಚ. ಒಬ್ಬಳಿಗೆ ಆಕಳಿಕೆ, ಇನ್ನೊಬ್ಬಳಿಗೆ ನಡುಕ!

ಇದೆಲ್ಲ ಶುರುವಾಗಿದ್ದು ಮೊದಲ ಇಂಟರ್ನಲ್ಸ್ ಮುಗಿದ ದಿನ ಹಾಸ್ಟೆಲ್‌ನಲ್ಲಿ ಕರೆಂಟು ಹೋದಾಗ. ಕತ್ತಲಲ್ಲಿ ನಾಲ್ಕು ಹುಡುಗಿಯರು ಕೂತರೆ ಮಾತು ಎಲ್ಲಿಗೆ ಹೋಗುತ್ತದೆ ಹೇಳಿ? ಒಬ್ಬಳ ಊರಿನ ಹುಣಸೆಮರ, ಇನ್ನೊಬ್ಬಳ ಅಜ್ಜಿಮನೆಯ ಅಟ್ಟ, ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’. ಕಡೆಗೆ ಬಳ್ಳಾರಿಯ ರೂಮ್‌ಮೇಟ್ ಒಂದು ಸವಾಲು ಹಾಕಿದಳು. ಈ ದೆವ್ವದ ಸಿನಿಮಾಗಳಿಗೆಲ್ಲ ಮುತ್ತಜ್ಜನಂತಿರುವ ಕಾದಂಬರಿಗಳನ್ನು ಓದೋಣ. ಒಂದು ತಿಂಗಳು ಟೈಮು. ಕೊನೆಗೆ ಭಯ ಆಯ್ತಾ, ಇಲ್ಲವಾ ಎಂದು ಸುಳ್ಳು ಹೇಳದೆ ಒಪ್ಪಿಕೊಳ್ಳಬೇಕು. ಹಳೆಯ ಪುಸ್ತಕಗಳಾದ್ದರಿಂದ ಕಾಪಿರೈಟ್ ಮುಗಿದಿದೆ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಖರ್ಚಿಲ್ಲದ ಸವಾಲಿಗೆ ಯಾರು ಬೇಡ ಎನ್ನುತ್ತಾರೆ? ಇಬ್ಬರು ‘ಡ್ರಾಕುಲಾ’ ಹಿಡಿದರು. ಬಳ್ಳಾರಿಯವಳು ಎಲ್ಲಕ್ಕಿಂತ ತೆಳ್ಳಗಿದ್ದ ‘ಡಾಕ್ಟರ್ ಜೆಕಿಲ್ ಅಂಡ್ ಮಿಸ್ಟರ್ ಹೈಡ್’ ಆರಿಸಿಕೊಂಡಳು, ಜಾಣೆ! ನನ್ನ ಪಾಲಿಗೆ ಮೇರಿ ಶೆಲ್ಲಿಯ ‘ಫ್ರಾಂಕನ್‌ಸ್ಟೈನ್’ ಬಂತು.

ಮೂರು ಪುಸ್ತಕಕ್ಕೆ ನಾಲ್ಕು ತೀರ್ಪು ಬಂದವು. ಯಾವುದೂ ಒಂದಕ್ಕೊಂದು ಹೊಂದಲಿಲ್ಲ.

ಬೋರ್ ಎಂದವರ ಪರವಾಗಿ

ಮೊದಲು ಬೋರ್ ಎಂದವರ ಮಾತು ಕೇಳೋಣ. ಕ್ಲಾಸಿಕ್ ಎಂದ ಕೂಡಲೇ ಹೊಗಳಲೇಬೇಕೆಂದು ಎಲ್ಲೂ ಬರೆದಿಲ್ಲವಲ್ಲ.

1897ರಲ್ಲಿ ಬಂದ ‘ಡ್ರಾಕುಲಾ’ದ ಮೊದಲ ನಾಲ್ಕು ಅಧ್ಯಾಯ ಧಾರವಾಡದವಳಿಗೂ ಇಷ್ಟವಾಗಿದ್ದವು. ವಕೀಲಿಕೆಯ ಕೆಲಸಕ್ಕೆಂದು ಜೊನಾಥನ್ ಹಾರ್ಕರ್ ಎಂಬ ಯುವಕ ಟ್ರಾನ್ಸಿಲ್ವೇನಿಯಾದ ಕೋಟೆಗೆ ಹೋಗುತ್ತಾನೆ. ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ತನ್ನ ಮುಖ ಮಾತ್ರ ಕಾಣುತ್ತದೆ, ಹಿಂದೆ ನಿಂತ ಕೌಂಟ್‌ನ ಪ್ರತಿಬಿಂಬವೇ ಇಲ್ಲ. ಒಂದು ರಾತ್ರಿ ಅದೇ ಕೌಂಟ್ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಹಲ್ಲಿಯ ಹಾಗೆ ಇಳಿದು ಹೋಗುತ್ತಾನೆ. ಆಮೇಲೆ ಕತೆ ಇಂಗ್ಲೆಂಡಿಗೆ ಬರುತ್ತದೆ. ಅಲ್ಲಿಂದ ಪತ್ರಗಳು, ಡೈರಿಗಳು, ಟೆಲಿಗ್ರಾಂಗಳು, ಪತ್ರಿಕೆಯ ತುಣುಕುಗಳು. ಪುಸ್ತಕಕ್ಕೆ ಯಾರ ಹೆಸರಿಟ್ಟಿದ್ದಾರೋ ಅವನೇ ಪುಟಗಟ್ಟಲೆ ಮಾಯ. ‘ಹೀರೋನ ಕಾಣವಲ್ಲ, ಮೀಟಿಂಗ್ ಮ್ಯಾಲೆ ಮೀಟಿಂಗ್’ ಎಂದು ಅವಳು ಗೊಣಗಿದ್ದು ಸುಳ್ಳಲ್ಲ.

ಬಳ್ಳಾರಿಯವಳ ದೂರು ಬೇರೆ. ‘ಜೆಕಿಲ್ ಅಂಡ್ ಹೈಡ್’ 1886ರಲ್ಲಿ ಬಂದಾಗ ಅದೊಂದು ಪತ್ತೇದಾರಿ ಒಗಟು. ಗೌರವಸ್ಥ ಡಾಕ್ಟರ್ ಜೆಕಿಲ್‌ಗೂ ಹೈಡ್ ಎಂಬ ಕಟುಕನಿಗೂ ಏನು ಸಂಬಂಧ ಎಂದು ಅಟರ್ಸನ್ ಎಂಬ ವಕೀಲ ತಲೆ ಕೆಡಿಸಿಕೊಳ್ಳುತ್ತಾನೆ. ಉತ್ತರ ಸಿಗುವುದು ಕೊನೆಯ ಎರಡು ಅಧ್ಯಾಯಗಳಲ್ಲಿ. ಆದರೆ ಇವತ್ತು ಪುಸ್ತಕ ಮುಟ್ಟದವರಿಗೂ ಆ ಉತ್ತರ ಗೊತ್ತು. ಇಬ್ಬಗೆಯಾಗಿ ನಡೆದುಕೊಳ್ಳುವವರನ್ನು ಜಗತ್ತಿನಾದ್ಯಂತ ಆ ಜೋಡಿ ಹೆಸರಿನಿಂದಲೇ ಕರೆಯುತ್ತಾರೆ. ಕ್ಲೈಮ್ಯಾಕ್ಸ್ ತಿಳಿದುಕೊಂಡು ಥಿಯೇಟರಿಗೆ ಹೋದವಳಿಗೆ ಅಟರ್ಸನ್‌ನ ಪರದಾಟ ಎಷ್ಟು ರೋಚಕವಾದೀತು? ಇದು ಸ್ಟೀವನ್‌ಸನ್‌ನ ತಪ್ಪಲ್ಲ. ಅವನ ಪುಸ್ತಕ ಗೆದ್ದ ಗೆಲುವೇ ಅದರ ಗುಟ್ಟನ್ನು ತಿಂದುಹಾಕಿತು.

ಇನ್ನೊಂದು ಕಾರಣ ನಮ್ಮ ಕಡೆಯದು. ಸಿನಿಮಾದಲ್ಲಿ ಹತ್ತು ನಿಮಿಷಕ್ಕೊಮ್ಮೆ ‘ಧಡಾರ್’ ಎಂದು ಬಾಗಿಲು ಬಡಿಯಬೇಕು, ಹಿನ್ನೆಲೆಯಲ್ಲಿ ಪಿಟೀಲು ಕಿರುಚಬೇಕು. ಈ ಕಾದಂಬರಿಗಳು ಮೊದಲು ದಾರಿ, ಬೆಟ್ಟ, ಮಂಜು, ಮನೆತನ ಎಲ್ಲವನ್ನೂ ನಿಧಾನವಾಗಿ ಹೇಳಿ ಆಮೇಲೆ ಬಾಗಿಲಿಗೆ ಬರುತ್ತವೆ. ಅಷ್ಟರಲ್ಲಿ ನಾವು ರೀಲ್ಸ್‌ಗೆ ಹೋಗಿರುತ್ತೇವೆ.

ಜಗಳ ಇಂದಿನದಲ್ಲ

ನಮ್ಮ ರೂಮಿನ ಜಗಳಕ್ಕೆ ಇನ್ನೂರೈವತ್ತು ವರ್ಷದ ಇತಿಹಾಸ ಇದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ.

ಗೋಥಿಕ್ ಕಾದಂಬರಿಗಳಲ್ಲಿ ಮೊದಲನೆಯದೆಂದು ಹೇಳುವುದು ಹೊರೇಸ್ ವಾಲ್ಪೋಲ್‌ನ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ವನ್ನು. 1764ರ ಡಿಸೆಂಬರ್‌ನಲ್ಲಿ ಬಂದದ್ದು. ಮದುವೆಯ ದಿನ ಆಕಾಶದಿಂದಲೋ ಎಂಬಂತೆ ಒಂದು ದೈತ್ಯ ಶಿರಸ್ತ್ರಾಣ ಬಿದ್ದು ಮದುಮಗ ಅಪ್ಪಚ್ಚಿಯಾಗುತ್ತಾನೆ. ಕತೆ ಶುರುವಾಗುವುದೇ ಹೀಗೆ! ವಾಲ್ಪೋಲ್ ಮೊದಲು ತನ್ನ ಹೆಸರು ಹಾಕದೆ, ಇದು ಹಳೆಯ ಇಟಾಲಿಯನ್ ಗ್ರಂಥವೊಂದರ ಅನುವಾದ ಎಂದು ನಂಬಿಸಿದ. ವಿಮರ್ಶೆ ಚೆನ್ನಾಗಿಯೇ ಬಂತು. ಮರುವರ್ಷದ ಎರಡನೇ ಮುದ್ರಣದಲ್ಲಿ ‘ಬರೆದವನು ನಾನೇ’ ಎಂದು ಒಪ್ಪಿಕೊಂಡ. ಮೊದಲು ಮೆಚ್ಚಿದ್ದ ‘ಮಂತ್ಲಿ ರಿವ್ಯೂ’ ಪತ್ರಿಕೆ ಆಗ ಉಲ್ಟಾ ಹೊಡೆಯಿತು. ಹಳೇ ಕಾಲದವರು ಬರೆದಿದ್ದರೆ ಸರಿ, ನಮ್ಮ ಕಾಲದ ಓದಿದ ಮನುಷ್ಯ ಇಂಥ ಅಸಂಬದ್ಧ ಬರೆಯುವುದೇ ಎಂಬುದು ಅದರ ಆಕ್ಷೇಪ. ಪುಸ್ತಕ ಅದೇ. ಓದುಗ ಅದರಿಂದ ಏನನ್ನು ನಿರೀಕ್ಷಿಸಿದ ಎಂಬುದಷ್ಟೇ ಬದಲಾಗಿತ್ತು.

ಜೇನ್ ಆಸ್ಟಿನ್ ಇಂಥ ಕಾದಂಬರಿಗಳನ್ನು ಓದಿ ನಕ್ಕವಳು, ಆದರೆ ಪ್ರೀತಿಯಿಂದ ನಕ್ಕವಳು. ಅವಳ ‘ನಾರ್ಥ್ಯಾಂಗರ್ ಆಬಿ’ಯ ಕ್ಯಾಥರೀನ್‌ಗೆ ಹದಿನೇಳು ವರ್ಷ. ಆ್ಯನ್ ರ‍್ಯಾಡ್‌ಕ್ಲಿಫ್‌ಳ ಭಯಂಕರ ಕಾದಂಬರಿ ಓದಿ ತಲೆ ತುಂಬಿಕೊಂಡ ಹುಡುಗಿ ಹಳೆಯ ಬಂಗಲೆಯೊಂದಕ್ಕೆ ಅತಿಥಿಯಾಗಿ ಹೋಗುತ್ತಾಳೆ. ಬಿರುಗಾಳಿಯ ರಾತ್ರಿ ಬೀರುವಿನಲ್ಲಿ ಸುರುಳಿ ಸುತ್ತಿದ ಕಾಗದ ಸಿಗುತ್ತದೆ. ಅಷ್ಟರಲ್ಲಿ ಮೋಂಬತ್ತಿ ಆರಿಹೋಗುತ್ತದೆ. ರಾತ್ರಿಯಿಡೀ ನಡುಗಿ ಬೆಳಿಗ್ಗೆ ಬಿಚ್ಚಿ ನೋಡಿದರೆ ಅದು ಬಟ್ಟೆ ಒಗೆಸಿದ ಲೆಕ್ಕದ ಚೀಟಿ! ಇದನ್ನು ಹೇಳಿದಾಗ ನಮ್ಮ ರೂಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಾಸ್ಟೆಲ್‌ನಲ್ಲಿ ರಾತ್ರಿ ಕೇಳಿಸುವ ‘ಗೆಜ್ಜೆ ಸದ್ದು’ ವಾರ್ಡನ್ ಅವರ ಬೀಗದ ಗೊಂಚಲು ಎಂದು ಪತ್ತೆಯಾದ ದಿನವೂ ಹೀಗೇ ನಕ್ಕಿದ್ದೆವು.

‘ಫ್ರಾಂಕನ್‌ಸ್ಟೈನ್’ಗೆ ಬಿದ್ದ ಏಟು ಇನ್ನೂ ಜೋರು. 1818ರ ಜನವರಿ 1ರಂದು ಬರೀ 500 ಪ್ರತಿ, ಲೇಖಕರ ಹೆಸರಿಲ್ಲದೆ ಪ್ರಕಟವಾಯಿತು. ‘ಕ್ವಾರ್ಟರ್ಲಿ ರಿವ್ಯೂ’ನಲ್ಲಿ ಜಾನ್ ವಿಲ್ಸನ್ ಕ್ರೋಕರ್ ಅದನ್ನು ಅಸಹ್ಯ, ಅರ್ಥಹೀನ ಎಂದು ಜಾಡಿಸಿದ. ಅದೇ ಹೊತ್ತಿನಲ್ಲಿ ಆ ಕಾಲದ ದೊಡ್ಡ ಕಾದಂಬರಿಕಾರ ವಾಲ್ಟರ್ ಸ್ಕಾಟ್ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ ಮನಸಾರೆ ಮೆಚ್ಚಿ ಬರೆದ. ಆದರೆ ಬರೆದದ್ದು ಕವಿ ಪರ್ಸಿ ಶೆಲ್ಲಿ ಇರಬೇಕೆಂದುಕೊಂಡ. ಬರೆದದ್ದು ಅವನ ಹೆಂಡತಿ ಮೇರಿ. ಪುಸ್ತಕ ಹೊರಬಂದಾಗ ಅವಳಿಗೆ ಇಪ್ಪತ್ತು ವರ್ಷ.

ಇಪ್ಪತ್ತು. ಅಂದರೆ ನನ್ನ ವಯಸ್ಸು. ನಾನು ಇನ್ನೂ ಲ್ಯಾಬ್ ರೆಕಾರ್ಡನ್ನು ಪಕ್ಕದವಳಿಂದ ನೋಡಿ ಬರೆಯುತ್ತಿದ್ದೇನೆ.

ಬೇಸಿಗೆಯಿಲ್ಲದ ವರ್ಷದ ಕೂಸು

ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ 1815ರ ಏಪ್ರಿಲ್‌ನಲ್ಲಿ ಸಿಡಿಯಿತು. ಅದರ ಬೂದಿ, ಗಂಧಕದ ಮಬ್ಬು ಆಕಾಶದಲ್ಲಿ ಹರಡಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. 1816ರ ಜೂನ್‌ನಲ್ಲಿ ಜಿನೀವಾ ಸರೋವರದ ದಡದ ವಿಲ್ಲಾ ಡಿಯೊಡಾಟಿಯಲ್ಲಿ ಕವಿ ಬೈರನ್, ಪರ್ಸಿ ಶೆಲ್ಲಿ, ಮೇರಿ, ಅವಳ ಮಲತಂಗಿ ಕ್ಲೇರ್, ಬೈರನ್‌ನ ವೈದ್ಯ ಪಾಲಿಡೋರಿ ಮಳೆಯಿಂದಾಗಿ ಹೊರಗೆ ಕಾಲಿಡಲಾಗದೆ ಕೂತಿದ್ದರು. ಹೊತ್ತು ಹೋಗಲೆಂದು ದೆವ್ವದ ಕತೆಗಳನ್ನು ಓದಿದರು. ಆಮೇಲೆ ಬೈರನ್ ಹೇಳಿದ, ನಾವೂ ಒಂದೊಂದು ಬರೆಯೋಣ ಎಂದು. ಕತ್ತಲು, ಹರಟೆ, ಸವಾಲು. ನಮ್ಮ ಹಾಸ್ಟೆಲ್‌ನ ಹಾಗೆಯೇ! ಅಲ್ಲಿ ಹದಿನೆಂಟರ ಮೇರಿ ಶುರು ಮಾಡಿದ್ದು ‘ಫ್ರಾಂಕನ್‌ಸ್ಟೈನ್’. ಇಪ್ಪತ್ತರ ಪಾಲಿಡೋರಿಯ ‘ದಿ ವ್ಯಾಂಪೈರ್’ ಕತೆ 1819ರಲ್ಲಿ ಪ್ರಕಟವಾಗಿ, ಮುಂದೆ ಡ್ರಾಕುಲಾನಂಥವರಿಗೆ ದಾರಿ ಮಾಡಿಕೊಟ್ಟಿತು.

ಒಂದು ಮಾತು ಒಪ್ಪಿಕೊಳ್ಳಬೇಕು. ಈ ಪುಸ್ತಕವನ್ನು ನಾನು ಪಿಯುಸಿಯಲ್ಲೇ ಒಮ್ಮೆ ಹಿಡಿದಿದ್ದೆ. ನಲವತ್ತು ಪುಟಕ್ಕೆ ಬಿಟ್ಟಿದ್ದೆ. ಕುತ್ತಿಗೆಗೆ ಬೋಲ್ಟು ಹೊಡೆದ, ಚಪ್ಪಟೆ ತಲೆಯ, ಗೊರಗೊರ ಎನ್ನುವ ಫ್ರಾಂಕನ್‌ಸ್ಟೈನ್ ಎಂಬ ರಾಕ್ಷಸನಿಗಾಗಿ ಕಾದಿದ್ದೆ. ಸಿಕ್ಕಿದ್ದು ಉತ್ತರ ಧ್ರುವದತ್ತ ಹೊರಟ ವಾಲ್ಟನ್ ಎಂಬ ನಾವಿಕ ಅಕ್ಕನಿಗೆ ಬರೆದ ಪತ್ರಗಳು. ಆ ಬೋಲ್ಟು 1931ರ ಸಿನಿಮಾದ್ದು ಎಂದು ಆಗ ಗೊತ್ತಿರಲಿಲ್ಲ. ಕಾದಂಬರಿಯಲ್ಲಿ ಫ್ರಾಂಕನ್‌ಸ್ಟೈನ್ ಎಂಬುದು ರಾಕ್ಷಸನ ಹೆಸರೇ ಅಲ್ಲ. ಅದನ್ನು ಮಾಡಿದ ವಿಕ್ಟರ್‌ನ ಹೆಸರು. ಜರ್ಮನಿಯ ಇಂಗೋಲ್‌ಸ್ಟಾಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅವನು. ಮಾಡಿದ ಜೀವಿಗೆ ಹೆಸರೇ ಇಲ್ಲ. ಎಂಟು ಅಡಿ ಎತ್ತರದ ಅದು ಕಣ್ಣು ಬಿಟ್ಟ ಕೂಡಲೇ ವಿಕ್ಟರ್ ಹೆದರಿ ಕೋಣೆಯಿಂದ ಓಡಿಹೋಗುತ್ತಾನೆ. ಅನಾಥವಾದ ಅದು ಗುಡಿಸಲೊಂದರ ಗೋಡೆಯ ಹಿಂದೆ ಅಡಗಿ ಮಾತು ಕಲಿಯುತ್ತದೆ, ಓದಲು ಕಲಿಯುತ್ತದೆ, ಮಿಲ್ಟನ್‌ನನ್ನೂ ಓದುತ್ತದೆ! ಇದನ್ನು ನಂಬುವುದು ಕಷ್ಟ ಎನ್ನುವವರ ಮಾತೂ ಸರಿಯೇ. ವಿಕ್ಟರ್ ಮಾತೆತ್ತಿದರೆ ಜ್ವರ ಬಂದು ಮಲಗುವುದೂ ಈ ಸಲ ನನಗೆ ರೇಜಿಗೆ ಎನಿಸಿತು.

ಆದರೂ ಈ ಸಲ ಪುಸ್ತಕ ಬಿಡಲಾಗಲಿಲ್ಲ. ಪಿಯುಸಿಗೂ ಈಗಿಗೂ ನಡುವೆ ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ನನ್ನಲ್ಲಿ ಒಂದು ಬದಲಾಗಿತ್ತು. ನಾನೂ ಅಷ್ಟರಲ್ಲಿ ಒಂದನ್ನು ಮಾಡಿ ಬಿಟ್ಟು ಓಡಿಬಂದಿದ್ದೆ.

ನನ್ನ ಪೆಟ್ಟಿಗೆ

ನಮ್ಮದು ತಿಪಟೂರು ಕಡೆ ಚಿಕ್ಕ ತೆಂಗಿನ ತೋಟ. ತ್ರೀ ಫೇಸ್ ಕರೆಂಟು ಹೆಚ್ಚಾಗಿ ಬರುವುದು ರಾತ್ರಿ. ಅಪ್ಪ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ, ಸ್ಟಾರ್ಟರ್ ಒತ್ತಿ, ಪೈಪಿನ ಬಾಯಲ್ಲಿ ನೀರು ಬಿದ್ದಿದ್ದು ನೋಡಿ ಬರುತ್ತಿದ್ದರು. ಹಾವು, ಚೇಳು, ಮಳೆ ಯಾವುದಕ್ಕೂ ತಪ್ಪಿದ್ದಲ್ಲ. ಐದನೇ ಸೆಮಿಸ್ಟರಿನಲ್ಲಿ ಮಿನಿ ಪ್ರಾಜೆಕ್ಟ್ ಎಂದಾಗ ನನಗೆ ಬೇರೆ ಐಡಿಯಾ ಹುಡುಕುವ ಕೆಲಸವೇ ಬೀಳಲಿಲ್ಲ. ಒಂದು ಆರ್ಡುಯಿನೊ ಬೋರ್ಡು, ಸಿಮ್ ಹಾಕುವ ಜಿಎಸ್‌ಎಂ ಮಾಡ್ಯೂಲ್, ರಿಲೇ. ಅಪ್ಪ ಮಂಚದಿಂದಲೇ ಒಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಆನ್, ಇನ್ನೊಂದು ಕೊಟ್ಟರೆ ಆಫ್. ಪ್ರತಿ ಸಲ ನನ್ನ ಮೊಬೈಲಿಗೂ ಒಂದು ಮೆಸೇಜು. ಲ್ಯಾಬಿನಲ್ಲಿ ಬಲ್ಬು ಉರಿಸಿ ತೋರಿಸಿದೆವು. ಒಳ್ಳೆಯ ಅಂಕ ಬಂತು. ರಜೆಯಲ್ಲಿ ಊರಿಗೆ ಹೋಗಿ ಸ್ಟಾರ್ಟರ್ ಪಕ್ಕ ಪೆಟ್ಟಿಗೆ ಕೂರಿಸಿದೆ. ಅಪ್ಪ ಪಕ್ಕದ ತೋಟದವರನ್ನೆಲ್ಲ ಕರೆದು ತೋರಿಸಿದರು. ರೆಸ್ಯೂಮೆಯಲ್ಲಿ ‘ರೈತರ ಹೊಲದಲ್ಲಿ ಯಶಸ್ವಿಯಾಗಿ ಅಳವಡಿಸಲಾಗಿದೆ’ ಎಂದು ಬರೆದುಕೊಂಡೆ.

ಒಂದು ಕೆಲಸ ಬಾಕಿ ಇತ್ತು. ಬೋರ್‌ವೆಲ್‌ನಲ್ಲಿ ನೀರು ಕೆಳಗಿಳಿದು ಮೋಟರ್ ಬರಿದೇ ಓಡಿದರೆ ಅದು ಎಳೆಯುವ ಕರೆಂಟ್ ಕಡಿಮೆಯಾಗುತ್ತದೆ. ಅದನ್ನು ಸೆನ್ಸರ್‌ನಿಂದ ಅಳೆದು ತಾನಾಗಿಯೇ ಆಫ್ ಆಗುವಂತೆ ಮಾಡಬೇಕು. ‘ಮುಂದಿನ ಸಲ ಬಂದಾಗ ಹಾಕ್ತೀನಪ್ಪ’ ಎಂದಿದ್ದೆ. ಅಂಕ ಬಂದಿತ್ತಲ್ಲ, ಮುಂದಿನ ಸಲ ಬರಲೇ ಇಲ್ಲ. ನಡುರಾತ್ರಿ ಬರುವ ಮೆಸೇಜುಗಳಿಂದ ನಿದ್ದೆ ಹಾಳಾಗುತ್ತದೆಂದು ಆ ನಂಬರನ್ನು ಮ್ಯೂಟ್ ಮಾಡಿದೆ.

ಫೆಬ್ರುವರಿ ಕೊನೆಯ ಒಂದು ರಾತ್ರಿ ಮೋಟರ್ ಸುಟ್ಟುಹೋಯಿತು. ನೀರು ಬಿತ್ತೋ ಇಲ್ಲವೋ ಎಂದು ನೋಡಲು ಅಲ್ಲಿ ಯಾರೂ ಇರಲಿಲ್ಲ. ಆ ಕೆಲಸವನ್ನು ನನ್ನ ಪೆಟ್ಟಿಗೆ ಅಪ್ಪನಿಂದ ಕಸಿದುಕೊಂಡಿತ್ತು, ಆದರೆ ತಾನು ಮಾಡುತ್ತಿರಲಿಲ್ಲ. ಬೆಳಿಗ್ಗೆ ಅಮ್ಮನ ಫೋನು ಬಂದ ಮೇಲೆ ಮ್ಯೂಟ್ ಮಾಡಿದ ಮೆಸೇಜು ತೆಗೆದು ನೋಡಿದೆ. 11.40ಕ್ಕೆ ‘ಮೋಟರ್ ಆನ್’. ಅದರ ಕೆಳಗೆ ‘ಆಫ್’ ಇರಲಿಲ್ಲ.

700 ಅಡಿಯಿಂದ ಮೋಟರ್ ಎತ್ತಿಸಿ, ಕಾಯಿಲ್ ಕಟ್ಟಿಸಿ, ಮತ್ತೆ ಇಳಿಸಲು ₹14 ಸಾವಿರ ಆಯಿತು. ಹನ್ನೆರಡು ದಿನ ಸಸಿಗಳಿಗೆ ನೀರಿರಲಿಲ್ಲ. ಇಷ್ಟಾದರೂ ಅಪ್ಪ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಏಕೆಂದರೆ ಅವರಿಗೆ ನನ್ನ ಮೇಲೆ ಅನುಮಾನವೇ ಬಂದಿರಲಿಲ್ಲ. ಎಂಟು ತಿಂಗಳ ಹಿಂದೆ ಅದೇ ಮೋಟರಿಗೆ ಕಾಯಿಲ್ ಕಟ್ಟಿದ್ದ ಹೋಬಳಿಯ ಅಂಗಡಿಯವರ ಮೇಲೆ ಅನುಮಾನ ಬಂತು. ಅಮ್ಮ ಫೋನಿನಲ್ಲಿ ಹೇಳಿದರು: ‘ನಿಮ್ಮಪ್ಪ ಅಂಗಡಿ ಮುಂದೆ ನಿಂತ್ಕೊಂಡು ಬೈದ್ರು ಕಣವ್ವ. ನೆಟ್ಟಗೆ ಕಟ್ಟಿದ್ರೆ ಇಷ್ಟು ಬೇಗ ಹೆಂಗೆ ಸುಡ್ತಿತ್ತು ಅಂತ. ಅವನು ಕೂಲಿನೇ ತಗೊಳ್ಲಿಲ್ಲ, ಬರೀ ತಂತಿ ದುಡ್ಡು ಇಸ್ಕೊಂಡು ಕಟ್ಟಿಕೊಟ್ಟ.’

ನಾನು ‘ಹೂಂ’ ಎಂದೆ. ಅಷ್ಟೇ ಎಂದೆ.

ಜಸ್ಟೀನ್

ಇದಾದ ಎರಡು ವಾರಕ್ಕೆ ನನ್ನ ಕೈಗೆ ‘ಫ್ರಾಂಕನ್‌ಸ್ಟೈನ್’ ಬಂದಿತ್ತು. ಪುಸ್ತಕ ಓದಿದವರು ಸಾಮಾನ್ಯವಾಗಿ ಹೇಳುವುದು ಆ ಜೀವಿ ಕಣ್ಣು ಬಿಡುವ ನವೆಂಬರ್ ರಾತ್ರಿಯ ಬಗ್ಗೆ, ಇಲ್ಲವೇ ಮದುವೆಯ ರಾತ್ರಿಯ ಕೊಲೆಯ ಬಗ್ಗೆ. ನನಗೆ ನಿದ್ದೆ ಕೆಡಿಸಿದ್ದು ಅವೆರಡೂ ಅಲ್ಲ.

ವಿಕ್ಟರ್‌ನ ಪುಟ್ಟ ತಮ್ಮ ವಿಲಿಯಂನ ಕೊಲೆಯಾಗುತ್ತದೆ. ಮಗುವಿನ ಕೊರಳಲ್ಲಿದ್ದ ಪದಕ ಮನೆಯಲ್ಲೇ ಬೆಳೆದ ಜಸ್ಟೀನ್ ಎಂಬ ಹುಡುಗಿಯ ಜೇಬಿನಲ್ಲಿ ಸಿಗುತ್ತದೆ. ಕೊಂದದ್ದು ಯಾರೆಂದು ವಿಕ್ಟರ್‌ಗೆ ಒಳಗೊಳಗೇ ಗೊತ್ತು. ಹೇಳಿದರೆ ಯಾರು ನಂಬುತ್ತಾರೆ, ಹುಚ್ಚ ಎನ್ನುತ್ತಾರೆ ಎಂದು ತನಗೆ ತಾನೇ ಕಾರಣ ಕೊಟ್ಟುಕೊಂಡು ಸುಮ್ಮನಿರುತ್ತಾನೆ. ಒಳಗೆ ಬೇಯುತ್ತಾನೆ, ಅಳುತ್ತಾನೆ, ಅವಳು ಒಳ್ಳೆಯವಳು ಎನ್ನುತ್ತಾನೆ. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳುವುದಿಲ್ಲ. ಜಸ್ಟೀನ್‌ಗೆ ಗಲ್ಲಾಗುತ್ತದೆ.

ರಾತ್ರಿ ಒಂದೂವರೆಗೆ ಮೊಬೈಲ್ ಮಗುಚಿಟ್ಟು ಮಲಗಿದೆ. ನಿದ್ದೆ ಬರಲಿಲ್ಲ. ಕಾಯಿಲ್ ಅಂಗಡಿ ಎಲ್ಲಿ, ನೇಣುಗಂಬ ಎಲ್ಲಿ ಎಂದು ನೀವು ನಗಬಹುದು. ನಾನೂ ಹಾಗೆಯೇ ಸಮಾಧಾನ ಹೇಳಿಕೊಂಡೆ. ಆದರೆ ವಿಕ್ಟರ್ ಹೇಳಿಕೊಂಡದ್ದೂ ಸಮಾಧಾನಗಳನ್ನೇ ಅಲ್ಲವೇ? ‘ಹೇಳಿದರೂ ಸುಟ್ಟ ಮೋಟರ್ ವಾಪಸ್ ಬರುತ್ತಾ’, ‘ಅಪ್ಪನಿಗೆ ನನ್ನ ಮೇಲಿನ ನಂಬಿಕೆ ಹೋಗುತ್ತೆ’, ‘ಅವರಿಗೆ ಇದೆಲ್ಲ ಮಾಮೂಲಿ’. ಇವು ನನ್ನ ಮಾತುಗಳು. ಅವನ ಬಾಯಿಗೆ ಹಾಕಿದರೂ ಹೊಂದುತ್ತಿದ್ದವು.

ತಿಂಗಳು ಮುಗಿದ ದಿನ ಮತ್ತೆ ನಾಲ್ವರೂ ಕೂತೆವು. ಸಾಗರದವಳು ಮೀನಾಳನ್ನು ಬಾಯ್ತುಂಬ ಹೊಗಳಿದಳು. ‘ಡ್ರಾಕುಲಾ’ದಲ್ಲಿ ಎಲ್ಲರ ಡೈರಿ, ಪತ್ರ, ಫೋನೋಗ್ರಾಫ್‌ನಲ್ಲಿ ಹೇಳಿಟ್ಟ ಟಿಪ್ಪಣಿಗಳನ್ನು ಟೈಪ್‌ರೈಟರ್‌ನಲ್ಲಿ ಟೈಪ್ ಮಾಡಿ, ತಾರೀಕಿನ ಪ್ರಕಾರ ಜೋಡಿಸುವವಳು ಅವಳು. ಬಿಡಿ ಬಿಡಿಯಾಗಿ ಅರ್ಥವಾಗದ್ದು ಒಟ್ಟಿಗಿಟ್ಟಾಗ ಅರ್ಥವಾಗುತ್ತದೆ. ‘ಗಂಡಸರು ಅವಳನ್ನ ಹೊರಗಿಟ್ಟು ಪ್ಲ್ಯಾನ್ ಮಾಡಿದಾಗಲೇ ಎಲ್ಲಾ ಎಡವಟ್ಟಾಗೋದು ನೋಡು. ನಂಗೆ ಭಯ ಆಗಿದ್ದು ಕೌಂಟ್‌ನಿಂದಲ್ಲ, ಗೊತ್ತಿದ್ದೂ ಯಾರೂ ಅವಳಿಗೆ ಹೇಳಲ್ವಲ್ಲ, ಅದರಿಂದ’ ಎಂದಳು. ಅವಳ ಮನೆಯಲ್ಲಿ ಅವಳನ್ನು ಕೇಳದೆ ಗಂಡು ನೋಡುತ್ತಿದ್ದಾರೆಂದು ನಮಗೆ ಗೊತ್ತಿತ್ತು. ಯಾರೂ ಮಾತಾಡಲಿಲ್ಲ. ಧಾರವಾಡದವಳು ಮಾತ್ರ ಪಟ್ಟು ಬಿಡಲಿಲ್ಲ, ‘ನನಗಂತೂ ಬೋರ್, ಏನ್ ಮಾಡ್ಲಿ?’ ಎಂದಳು. ಆಯಿತು, ಅದೂ ಪ್ರಾಮಾಣಿಕ ಉತ್ತರವೇ. ಬಳ್ಳಾರಿಯವಳು ಜೆಕಿಲ್‌ಗೆ ಹತ್ತಕ್ಕೆ ಐದು ಕೊಟ್ಟು, ಕೊನೆಯ ಅಧ್ಯಾಯಕ್ಕೆ ಮಾತ್ರ ಹತ್ತಕ್ಕೆ ಹತ್ತು ಎಂದಳು. ಗುಟ್ಟು ಮೊದಲೇ ಗೊತ್ತಿದ್ದರೂ ಜೆಕಿಲ್ ತಾನೇ ಬರೆದ ತಪ್ಪೊಪ್ಪಿಗೆ ಓದುವಾಗ ಗಂಟಲು ಕಟ್ಟಿತಂತೆ. ಏಕೆ ಎಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ.

ನನ್ನ ಸರದಿ ಬಂದಾಗ ಪುಸ್ತಕದ ಬಗ್ಗೆ ಎರಡು ಮಾತಾಡಿ ಮೋಟರಿನ ಕತೆ ಹೇಳಿದೆ. ಮೊದಲ ಸಲ, ಪೂರ್ತಿಯಾಗಿ. ಧಾರವಾಡದವಳು ಕೇಳಿದ್ದು ಒಂದೇ ಪ್ರಶ್ನೆ: ‘ಮತ್ತ ಮನಿಗೆ ಯಾವಾಗ ಹೊಂಟಿ?’

ಯುಗಾದಿಗೆ ಹೋದೆ. ಹಬ್ಬದ ಮರುದಿನ ತೋಟದಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ‘ಮೊದ್ಲೇ ಹೇಳ್ಬಾರ್ದಿತ್ತಾ ಕಣವ್ವ, ಅವನಿಗೆ ಬಾಯಿಗೆ ಬಂದಂಗೆ ಬೈದ್ಬಿಟ್ನಲ್ಲ’ ಎಂದರು. ಸುಟ್ಟ ಮೋಟರ್‌ಗಿಂತ ಆ ಬೈಗುಳವೇ ಅವರಿಗೆ ಹೆಚ್ಚು ನೋವು ಕೊಟ್ಟ ಹಾಗಿತ್ತು. ಬೈಕ್ ತೆಗೆದು, ‘ಹತ್ತು’ ಎಂದರು.

ಅಂಗಡಿಯವರು ಸುಟ್ಟ ಇನ್ಯಾವುದೋ ಮೋಟರ್ ಬಿಚ್ಚುತ್ತಾ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ತಲೆ ಎತ್ತದೆ ಕೇಳಿದರು. ಅಪ್ಪ ಕೂಲಿಯ ದುಡ್ಡು ಮುಂದಿಟ್ಟರು. ಅವರು ದುಡ್ಡು ನೋಡಲಿಲ್ಲ, ನನ್ನನ್ನು ನೋಡಿದರು. ‘ನೀರಿಲ್ದೆ ಓಡೈತೆ ಅಂತ ಬುಷ್ ನೋಡಿದ್ರೇ ಗೊತ್ತಾಗಲ್ವಾ ನಂಗೆ? ನಿಮ್ಮಪ್ಪ ಅವತ್ತು ಕೇಳೋ ಹಂಗಿರ್ಲಿಲ್ಲ’ ಎಂದರು. ಸ್ವಲ್ಪ ಹೊತ್ತಿಗೆ ದುಡ್ಡು ಎತ್ತಿ ಜೇಬಿಗೆ ಹಾಕಿಕೊಂಡು, ‘ಆ ಪೆಟ್ಗೆನ ತಂದು ತೋರ್ಸವ್ವ ಒಂದ್ಸಲ’ ಎಂದರು.

ಆ ರಜೆಯಲ್ಲಿ ಕರೆಂಟ್ ಸೆನ್ಸರ್ ಹಾಕಿದೆ. ನಮ್ಮ ಮೋಟರ್ ನೀರೆತ್ತುವಾಗ ಎಷ್ಟು ಆಂಪ್ಸ್ ಎಳೆಯುತ್ತದೆ, ಬರಿದಾದಾಗ ಎಷ್ಟಕ್ಕೆ ಇಳಿಯಬಹುದು ಎಂಬ ಅಂದಾಜನ್ನು ಅವರೇ ಕೊಟ್ಟರು. ನಾನು ಪುಸ್ತಕದಲ್ಲಿ ಓದಿದ್ದಕ್ಕಿಂತ ಅದು ಹೆಚ್ಚು ಕರಾರುವಾಕ್ಕಾಗಿತ್ತು. ರೆಸ್ಯೂಮೆಯಲ್ಲಿದ್ದ ‘ಯಶಸ್ವಿಯಾಗಿ’ ಎಂಬ ಪದ ತೆಗೆದು, ಮೊದಲ ಮಾದರಿ ಏಕೆ ಕೈಕೊಟ್ಟಿತು, ಏನು ಸರಿಪಡಿಸಿದೆ ಎಂದು ಒಂದು ಸಾಲು ಸೇರಿಸಿದ್ದೇನೆ. ಪ್ಲೇಸ್‌ಮೆಂಟ್ ಸಂದರ್ಶನದಲ್ಲಿ ಅದು ಅನುಕೂಲವೋ ಅನನುಕೂಲವೋ ಮುಂದಿನ ವರ್ಷ ಗೊತ್ತಾಗಬೇಕು.

ಹಾಗಾದರೆ ಈ ಹಳೆಯ ಕಾದಂಬರಿಗಳನ್ನು ಓದಬೇಕಾ? ಓದಿ ನೋಡಿ ಎನ್ನುತ್ತೇನೆ, ಹೆದರಿಯೇ ಹೆದರುತ್ತೀರಿ ಎಂಬ ಗ್ಯಾರಂಟಿ ಕೊಡಲಾರೆ. ದಪ್ಪ ಪುಸ್ತಕ ಎಂದರೆ ಅಳುಕು ಇದ್ದವರಿಗೆ ಜೆಕಿಲ್ ಒಂದು ಸಂಜೆಗೆ ಮುಗಿಯುತ್ತದೆ. ‘ಡ್ರಾಕುಲಾ’ದ ಕತೆ ಮೇ 3ರ ಡೈರಿಯಿಂದ ಶುರುವಾಗಿ ನವೆಂಬರ್‌ವರೆಗೆ ತಾರೀಕುಗಳಲ್ಲೇ ನಡೆಯುತ್ತದೆ. ಆಯಾ ದಿನದ್ದನ್ನು ಆಯಾ ದಿನ ಓದಿದರೆ ನಿಧಾನ ಎಂಬ ದೂರು ಅರ್ಧ ಕಡಿಮೆಯಾಗುತ್ತದೆ. ನಲವತ್ತು ಪುಟಕ್ಕೆ ಬಿಟ್ಟರೂ ಚಿಂತೆಯಿಲ್ಲ. ನಾನೂ ಬಿಟ್ಟಿದ್ದೆ. ಪುಸ್ತಕ ಅಲ್ಲೇ ಇರುತ್ತದೆ. ನಮ್ಮ ಕೈಯಲ್ಲಿ ಏನೋ ಒಂದು ಕೆಟ್ಟು, ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡ ದಿನ ಅದು ನಮ್ಮನ್ನು ಹುಡುಕಿಕೊಂಡು ಬರಬಹುದು.

ನಿನ್ನೆ ರಾತ್ರಿ 12.10ಕ್ಕೆ ಮೆಸೇಜು ಬಂತು: ‘ಮೋಟರ್ ಆನ್’. ಹತ್ತು ನಿಮಿಷ ಬಿಟ್ಟು ಇನ್ನೊಂದು: ‘ನೀರಿಲ್ಲ. ಮೋಟರ್ ಆಫ್’. ಬಳ್ಳಾರಿಯವಳು ನಿದ್ದೆಗಣ್ಣಲ್ಲಿ ‘ಯಾರೇ ಅದು ಇಷ್ಟೊತ್ತಿಗೆ?’ ಎಂದು ಗೊಣಗಿ ಮಗ್ಗುಲು ಬದಲಿಸಿದಳು. ನಾನು ಎದ್ದು ಅಪ್ಪನಿಗೆ ಫೋನ್ ಮಾಡಿದೆ.